ಶ್ರಾವಕನ ಅಂಗಳದ ನಾಯಿಮರಿ

ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರದ ವಿವರಣೆ ಸಾಗಿ, ಏಳನೆಯ ದಿನ ವ್ರತಗಳ ಅಧ್ಯಾಯ ಬರುತ್ತದೆ. ಅಹಿಂಸಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ಎಣಿಸಿದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಪ್ರಾಣಹರಣವಲ್ಲ, ಕೋಲು ಬೆತ್ತಗಳಿಂದ ಹೊಡೆಯುವುದು. ಬಂಧವೆಂದರೆ ಪ್ರಾಣಿಯು ತಾನು ಬಯಸಿದೆಡೆಗೆ ಹೋಗದಂತೆ ಮಾಡುವ ತಡೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಬಿಡಿಸಿ ಹೇಳಿದ್ದಾರೆ. ಈ ಐದನ್ನೂ ಬಾಯಿಪಾಠವಾಗಿ ಒಪ್ಪಿಸಬಲ್ಲ ಗೃಹಸ್ಥರಿಗೆ ಸಮಾಜದಲ್ಲಿ ಕೊರತೆಯಿಲ್ಲ. ಅವರಲ್ಲಿ ಕೆಲವರು ಪ್ರವಚನ ಮುಗಿಸಿ ಮನೆಗೆ ಮರಳಿದಾಗ ಹಿತ್ತಲಿನ ಕಂಬಕ್ಕೆ ಎರಡು ಮೊಳದ ಸರಪಳಿಯಿಂದ ಬಿಗಿದ ನಾಯಿಮರಿಯೊಂದು ಬೆಳಗಿನಿಂದ ಅಳುತ್ತಿರುತ್ತದೆ. ಅಳು ನಿಲ್ಲಿಸಲು ಮೂಲೆಯಲ್ಲಿ ಕೋಲೊಂದು ಸಿದ್ಧವಾಗಿರುತ್ತದೆ.

ಕಮಲನಾರಾಯಣ ದೇವಾಲಯದಿಂದ ಹೆಸರಾದ, ಕಿತ್ತೂರು ಭಾಗದ ದೇಗಾಂವದಂಥ ಊರುಗಳಿಗೆ ನಾಯಿ ಹೊಸದಲ್ಲ. ಹೊಲ, ಕಣ, ದನದ ಕೊಟ್ಟಿಗೆಗಳನ್ನು ಕಾಯುವ ನಾಯಿ ಊರೆಲ್ಲ ತಿರುಗಿ, ನಾಲ್ಕು ಮನೆಗಳ ರೊಟ್ಟಿ ತಿಂದು, ತನಗೆ ಬೇಕಾದ ಕಟ್ಟೆಯ ಮೇಲೆ ಮಲಗುತ್ತದೆ. ಅದಕ್ಕೆ ಯಾರೂ ಏನನ್ನೂ ಕಲಿಸಬೇಕಾಗಿಲ್ಲ. ತಾಯಿಯೂ ಬೀದಿಯೂ ಕಲಿಸಿರುತ್ತವೆ. ಹೊಸದಾಗಿ ಬಂದಿರುವುದು ಬೇರೊಂದು ರೂಢಿ. ಪಟ್ಟಣದಲ್ಲಿ ನೌಕರಿಯಲ್ಲಿರುವ ಮಗನೋ ಮೊಮ್ಮಗಳೋ ಪ್ರಾಣಿಗಳ ಆಶ್ರಯಧಾಮದಿಂದ ಎರಡು ತಿಂಗಳ ಮಿಶ್ರತಳಿಯ ಮರಿಯೊಂದನ್ನು ದತ್ತು ಪಡೆಯುತ್ತಾರೆ. ಬಾಡಿಗೆಯ ಮನೆಯ ಯಜಮಾನ ಒಪ್ಪದಿದ್ದಾಗ ಅದನ್ನು ಊರಿಗೆ ತಂದು ಹಿರಿಯರ ಮಡಿಲಿಗೆ ಹಾಕಿ ಹೋಗುತ್ತಾರೆ. ದಯೆಯ ಕಾರ್ಯ ಮಾಡಿದ ಸಂತೋಷ ಅವರಿಗೆ, ಹೊಣೆ ಮುದುಕರಿಗೆ, ಸರಪಳಿ ಮರಿಗೆ. ಖಾತೆಯಲ್ಲಿ ಜಮಾ ಬರೆದುಕೊಂಡವನೊಬ್ಬ, ಖರ್ಚು ಕಟ್ಟುವವನು ಇನ್ನೊಬ್ಬನಾದ ಈ ವ್ಯವಹಾರವನ್ನು ಜೀವದಯೆಯೆಂದು ಕರೆಯುವುದಕ್ಕೆ ಮೊದಲು ತುಸು ಯೋಚಿಸಬೇಕು.

ಇಂಥ ಮರಿಯ ಮನಸ್ಸು ಎಂಥದೆಂದು ಕೇಳುವವರೇ ವಿರಳ. ನಾಯಿಮರಿಯು ಲೋಕವನ್ನು ನಂಬಲು ಕಲಿಯುವ ಕಾಲ ಬಹಳ ಕಿರಿದು: ಹುಟ್ಟಿದ ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗೆ. ಅಮೆರಿಕೆಯ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷಗಳ ಪ್ರಯೋಗದ ಬಳಿಕ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಾಲದ ಮಹತ್ವವನ್ನು ನಿರೂಪಿಸಿದರು. ಆ ವಾರಗಳಲ್ಲಿ ಕಂಡ ಮನುಷ್ಯರು, ಮಕ್ಕಳು, ಸದ್ದುಗಳು ಮರಿಗೆ ಮುಂದೆ ಸಹಜವಾಗುತ್ತವೆ. ಕಾಣದೆ ಉಳಿದದ್ದು ಭಯದ ವಸ್ತುವಾಗುತ್ತದೆ. ಆಶ್ರಯಧಾಮದ ಮರಿಗೆ ಈ ಅಮೂಲ್ಯ ವಾರಗಳು ತಾಯಿಯಿಂದ ಅಗಲಿಕೆಯಲ್ಲಿ, ರೋಗದಲ್ಲಿ, ಪಂಜರದಲ್ಲಿ ಕಳೆದಿರಬಹುದು. ಅದು ಹೊಸ ಮನೆಗೆ ಬಂದಾಗ ಮಂಚದ ಕೆಳಗೆ ಅಡಗುತ್ತದೆ, ಎರಡು ದಿನ ಅನ್ನ ಮುಟ್ಟದು, ರಾತ್ರಿಯೆಲ್ಲ ಕುಂಯ್‌ಗುಡುತ್ತದೆ. ಇದನ್ನು ಹಟವೆನ್ನುವವರು ತವರಿನಿಂದ ಬಂದ ಮೊದಲ ರಾತ್ರಿ ಅತ್ತ ಸೊಸೆಯನ್ನೂ ಹಟಮಾರಿಯೆಂದಾರು. ಮರಿಯ ಹಾಸಿಗೆಯನ್ನು ಮನೆಯವರೊಬ್ಬರು ಮಲಗುವೆಡೆಗೆ ಹತ್ತಿರದಲ್ಲಿಟ್ಟರೆ, ಅದಾಗಿ ಬರುವವರೆಗೆ ಎತ್ತಿ ಹಿಡಿಯದೆ ಕಾದರೆ, ವಾರದೊಳಗೆ ಅರ್ಧ ಅಳು ನಿಲ್ಲುತ್ತದೆ.

ಹೊಡೆಯದೆ ಕಲಿಯದು ಎಂಬುದು ಬಹುಜನರ ದೃಢವಿಶ್ವಾಸ. ಈ ವಿಶ್ವಾಸಕ್ಕೆ ಆಗಮದ ಆಧಾರವೂ ಇಲ್ಲ, ಅನುಭವದ ಆಧಾರವೂ ಇಲ್ಲ. ನಾಯಿ ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವ. ಸಂಜ್ಞಿಯೆಂದರೆ ಯಾರು? ಮನಸ್ಸಿನ ಆಶ್ರಯದಿಂದ ಶಿಕ್ಷಣವನ್ನು, ಉಪದೇಶವನ್ನು, ಕರೆಯನ್ನು ಗ್ರಹಿಸಬಲ್ಲ ಜೀವವೆಂದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಲಕ್ಷಣ ಹೇಳಿದ್ದಾರೆ. ಕಲಿಯಬಲ್ಲದೆಂಬುದೇ ಆ ಜೀವದ ಲಕ್ಷಣವಾಗಿರುವಾಗ, ಅದಕ್ಕೆ ಕಲಿಸಲಾಗದವನ ಕೈಗೆ ಕೋಲು ಬಂದರೆ ಕೊರತೆ ಯಾರದು? ಸಂಜ್ಞಿ ತಿರ್ಯಂಚರು ಸಮ್ಯಗ್ದರ್ಶನವನ್ನು ಪಡೆದು ದೇಶವ್ರತದವರೆಗೂ ಏರಬಲ್ಲರೆಂದು ಸಿದ್ಧಾಂತವು ಒಪ್ಪುತ್ತದೆ. ಪಡಸಾಲೆಯಲ್ಲಿ ಉಚ್ಚೆ ಹೊಯ್ಯಬಾರದೆಂಬ ಅಲ್ಪ ಪಾಠವನ್ನು ಅದು ಕಲಿಯದೆನ್ನುವುದು ಸಿದ್ಧಾಂತಕ್ಕೆ ಮಾಡಿದ ಅಪಚಾರ.

ಆ ಅಲ್ಪ ಪಾಠವನ್ನೇ ನೋಡೋಣ. ಮನೆಗಳಲ್ಲಿ ಮೊದಲ ಏಟು ಬೀಳುವುದು ಅಲ್ಲಿಯೇ. ಎರಡು ತಿಂಗಳ ಮರಿಗೆ ಎರಡು ಮೂರು ತಾಸಿಗಿಂತ ಹೆಚ್ಚು ತಡೆದುಕೊಳ್ಳುವ ದೇಹಶಕ್ತಿಯೇ ಇರದು. ನಿದ್ದೆಯಿಂದ ಎದ್ದೊಡನೆ, ಉಂಡೊಡನೆ, ಆಡಿದೊಡನೆ ಅದನ್ನು ಹಿತ್ತಲಿನ ಒಂದೇ ಜಾಗಕ್ಕೆ ಕರೆದೊಯ್ದು, ಕೆಲಸ ಮುಗಿದ ಕ್ಷಣದಲ್ಲಿಯೇ ಮೃದುವಾಗಿ ಹೊಗಳಿ ಒಂದು ತುಣುಕು ತಿನಿಸು ಕೊಡಬೇಕು. ಕ್ಷಣದಲ್ಲಿಯೇ ಎಂಬುದು ಮುಖ್ಯ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನವೆಂದು ಮರಿ ತಿಳಿಯುತ್ತದೆ. ಒಳಗೆ ತಪ್ಪು ನಡೆದರೆ ಮಾತಿಲ್ಲದೆ ಒರೆಸಿ, ವಾಸನೆ ಉಳಿಯದಂತೆ ತೊಳೆಯಬೇಕು, ಏಕೆಂದರೆ ವಾಸನೆಯಿದ್ದಲ್ಲಿಗೆ ಮರಿ ಮತ್ತೆ ಹೋಗುತ್ತದೆ. ಅರ್ಧ ತಾಸಿನ ಬಳಿಕ ಕಿವಿ ಹಿಡಿದು ತಂದು ಮೂತಿಯನ್ನು ನೆಲಕ್ಕೆ ಉಜ್ಜುವ ಪದ್ಧತಿಯಿಂದ ಮರಿ ಕಲಿಯುವುದು ಒಂದೇ: ಈ ಮನುಷ್ಯನ ಕೈ ಅಪಾಯಕರ.

ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿ ಎನ್ನುವವರಿದ್ದಾರೆ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಇದನ್ನೇ ಪರೀಕ್ಷಿಸಿದರು. ತಪ್ಪು ಮಾಡಿರದ ನಾಯಿಯೂ ಯಜಮಾನ ಗದರಿದಾಗ ಅದೇ ತಗ್ಗಿದ ಮೋರೆಯನ್ನು ತೋರಿತು. ಪಶ್ಚಾತ್ತಾಪವೆಂದು ಕಂಡದ್ದು ಬರಿಯ ಭಯ. ನಾಯಿಗೆ ಯಜಮಾನ ಯಾರೆಂದು ತೋರಿಸಬೇಕೆಂಬ ಮತ್ತೊಂದು ವಾದ, ಪಂಜರದಲ್ಲಿ ಕೂಡಿಹಾಕಿದ ಅಪರಿಚಿತ ತೋಳಗಳನ್ನು ನೋಡಿ 1947ರಲ್ಲಿ ಬರೆದ ಪ್ರಬಂಧವೊಂದರಿಂದ ಬೆಳೆದುಬಂದದ್ದು. ತೋಳಗಳ ಅಧ್ಯಯನದಲ್ಲಿ ಹೆಸರಾದ ಡೇವಿಡ್ ಮೆಕ್ 1999ರಲ್ಲಿ ಅದನ್ನು ತಿದ್ದಿ, ಕಾಡಿನ ತೋಳಗಳ ಗುಂಪೆಂದರೆ ತಂದೆ ತಾಯಿ ಮಕ್ಕಳ ಕುಟುಂಬವೇ ಎಂದು ತೋರಿಸಿದರು. ಇನ್ನು ಗುರ್ ಎಂದದ್ದಕ್ಕೆ ಹೊಡೆಯುವವರು ತಮ್ಮ ಮನೆಯ ಮಕ್ಕಳಿಗೇ ಕೇಡು ತಂದುಕೊಳ್ಳುತ್ತಾರೆ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆತದಿಂದ ನಿಲ್ಲುವುದು ಎಚ್ಚರಿಕೆ ಮಾತ್ರ, ಕಡಿತವಲ್ಲ. ನಾಲ್ಕರಿಂದ ಆರು ಏಳು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಮರಿ ಚಪ್ಪಲಿ, ಧೋತರದ ಅಂಚು, ಬೆರಳು ಎಲ್ಲವನ್ನೂ ಜಗಿಯುತ್ತದೆ. ಗಂಟು ಹಾಕಿದ ಹಳೆಯ ಬಟ್ಟೆ ಕೊಟ್ಟು, ಗಟ್ಟಿಯಾಗಿ ಕಚ್ಚಿದಾಗ ಆಟ ನಿಲ್ಲಿಸಿ ಎದ್ದುಹೋದರೆ ಸಾಕು.

ಆಹಾರದ ವಿಷಯದಲ್ಲಿ ಸಮಾಜದ ಎರಡು ಪಕ್ಷಗಳೂ ತಪ್ಪುತ್ತವೆ. ನಾಯಿ ಮಾಂಸವಿಲ್ಲದೆ ಬದುಕದು ಎಂದು ಒಂದು ಪಕ್ಷ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದಂತೆ, ಮನುಷ್ಯನ ಜೊತೆಗಿನ ಬಾಳಿನಲ್ಲಿ ನಾಯಿಯು ಧಾನ್ಯದ ಪಿಷ್ಟವನ್ನು ತೋಳಕ್ಕಿಂತ ಬಹಳ ಚೆನ್ನಾಗಿ ಜೀರ್ಣಿಸುವ ಶಕ್ತಿ ಪಡೆದಿದೆ. ಬೆಕ್ಕಿಗೆ ಈ ಮಾತು ಸಲ್ಲದು. ಅದು ಮಾಂಸಾಹಾರಕ್ಕೇ ಕಟ್ಟುಬಿದ್ದ ಜೀವ. ಆದರೆ ರೊಟ್ಟಿ ಹಾಲು ಹಾಕಿದರೆ ಆಯಿತು ಎನ್ನುವ ಎರಡನೆಯ ಪಕ್ಷವೂ ಸರಿಯಲ್ಲ. ಬೆಳೆಯುವ ಮರಿಗೆ ಸಾಕಷ್ಟು ಪ್ರೋಟೀನು, ಸುಣ್ಣದ ಅಂಶ, ಬಿ-12 ಜೀವಸತ್ವ ಬೇಕು. ಬರಿಯ ಅನ್ನ ರೊಟ್ಟಿಗಳಿಂದ ಎಲುಬು ಬಾಗುತ್ತವೆ. ಹಸುವಿನ ಹಾಲು ಹೆಚ್ಚಾದರೆ ಭೇದಿ. ಬೆಂದ ಬೇಳೆ, ಮೊಸರು, ಪನೀರು, ಮತ್ತು ಬೆಳೆಯುವ ಮರಿಗೆ ಪೂರ್ಣಾಹಾರವೆಂದು ಸಿದ್ಧಪಡಿಸಿದ ಸಸ್ಯಾಹಾರಿ ತಿನಿಸನ್ನು ಪಶುವೈದ್ಯರ ಸಲಹೆಯಂತೆ ಕೊಟ್ಟು, ಮರಿಯ ತೂಕವನ್ನು ಆಗಾಗ ನೋಡಬೇಕು. ಮಾಂಸವನ್ನೂ ಕೊಡಲಾರೆ, ಅದರ ಬದಲಿಗೆ ಹಣವನ್ನೂ ಖರ್ಚು ಮಾಡಲಾರೆ ಎನ್ನುವ ಗೃಹಸ್ಥ ಮರಿಯನ್ನು ತರಲೇಬಾರದು. ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ಆ ಮಟ್ಟಿಗೆ ಜೈನರ ಅಡುಗೆಮನೆ ಅದಕ್ಕೆ ಕ್ಷೇಮ. ಪಾಯಸದ ಒಣದ್ರಾಕ್ಷಿ ಮಾತ್ರ ಅದರ ಮೂತ್ರಪಿಂಡಕ್ಕೆ ಮಾರಕವಾಗಬಲ್ಲುದೆಂಬುದನ್ನು ಬಹಳ ಮನೆಗಳು ಅರಿಯವು.

ಇದಕ್ಕಿಂತ ಕಳವಳಕಾರಿಯಾದುದು ಅಷ್ಟಮಿ ಚತುರ್ದಶಿಗಳಂದು ನಾಯಿಗೂ ಉಪವಾಸ ಮಾಡಿಸಿ, ನಮ್ಮ ನಾಯಿಯೂ ವ್ರತ ಹಿಡಿಯುತ್ತದೆ ಎಂದು ನೆಂಟರೆದುರು ಹೇಳಿಕೊಳ್ಳುವ ಪರಿಪಾಠ. ವ್ರತವೆಂಬುದು ಸಂಕಲ್ಪಪೂರ್ವಕವಾದ ತ್ಯಾಗ. ತಟ್ಟೆ ಕಸಿದುಕೊಂಡಾಗ ಹುಟ್ಟುವುದು ತ್ಯಾಗವಲ್ಲ, ಹಸಿವೆ. ಕಸಿದುಕೊಂಡವನಿಗೆ ಅದು ಐದನೆಯ ಅತಿಚಾರ. ಎರಡು ಮೂರು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಆಹಾರ ಬೇಕು. ಕೊನೆಯದನ್ನು ಸೂರ್ಯಾಸ್ತಕ್ಕೆ ಮೊದಲು ಕೊಡುವುದರಲ್ಲಿ ತೊಂದರೆಯಿಲ್ಲ. ಬೈಲಹೊಂಗಲ ಸೀಮೆಯ ಚೈತ್ರ ವೈಶಾಖದ ಸೆಕೆಯಲ್ಲಿ ರಾತ್ರಿಯೆಲ್ಲ ನೀರಿನ ಬೋಗುಣಿಯನ್ನು ಎತ್ತಿಡುವುದಕ್ಕೆ ಯಾವ ಶಾಸ್ತ್ರವೂ ಒಪ್ಪಿಗೆ ಕೊಡದು.

ಹಿರಿಯ ಪಂಚರ ಆಕ್ಷೇಪವನ್ನು ಹಗುರಾಗಿ ಕಾಣುವಂತಿಲ್ಲ. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದು ಅನರ್ಥದಂಡವೆಂದು ಕಾರ್ತಿಕೇಯಾನುಪ್ರೇಕ್ಷೆ ಹೇಳುತ್ತದೆ; ಹಾಗಿರುವಾಗ ಶ್ರಾವಕನ ಮನೆಯಲ್ಲಿ ನಾಯಿಯೇಕೆ ಎಂದು ಅವರು ಕೇಳುತ್ತಾರೆ. ಅನರ್ಥವೆಂದರೆ ಪ್ರಯೋಜನವಿಲ್ಲದ ಪಾಪ. ಬೇಟೆಗೋ ಕಾದಾಟಕ್ಕೋ ಬರಿಯ ಮೆರೆದಾಟಕ್ಕೋ ಪ್ರಾಣಿಯನ್ನು ಸಾಕುವವನಿಗೆ ಈ ಮಾತು ನೇರವಾಗಿ ತಟ್ಟುತ್ತದೆ. ಸಾಯಲಿದ್ದ ಜೀವವೊಂದಕ್ಕೆ ಆಸರೆ ಕೊಡುವುದು ಅಭಯದಾನ. ಆದರೆ ಅಭಯವೆಂಬ ಶಬ್ದಕ್ಕೆ ಅರ್ಥವಿದ್ದರೆ ಆ ಮನೆಯಲ್ಲಿ ಮರಿಗೆ ಭಯವಿರಕೂಡದು. ಸರಪಳಿ ಕೋಲುಗಳಿರುವ ಮನೆಯ ಮಟ್ಟಿಗೆ ಪಂಚರ ಆಕ್ಷೇಪವೇ ಗೆಲ್ಲುತ್ತದೆ.

ಇದೇ ಅನರ್ಥದಂಡದ ಮಾತನ್ನು ಅವರು ಸಾವಿರಾರು ರೂಪಾಯಿ ತೆತ್ತು ಜಾತಿನಾಯಿ ಕೊಳ್ಳುವ ಸಿರಿವಂತ ಸದಸ್ಯರ ಮುಂದೆ ಏಕೆ ಎತ್ತುವುದಿಲ್ಲವೆಂಬುದು ಬೇರೆ ಪ್ರಶ್ನೆ. ಕುಲಮದ ಜಾತಿಮದಗಳನ್ನು ಎಂಟು ಮದಗಳಲ್ಲಿ ಎಣಿಸಿದ ಸಮಂತಭದ್ರಾಚಾರ್ಯರೇ ಧರ್ಮದಿಂದ ನಾಯಿ ದೇವನಾಗಬಲ್ಲದು, ಪಾಪದಿಂದ ದೇವ ನಾಯಿಯಾಗಬಲ್ಲನು ಎಂಬ ಅರ್ಥದ ಮಾತನ್ನು ರತ್ನಕರಂಡಕದಲ್ಲಿ ಬರೆದರು. ಅಲ್ಲಿ ನಾಯಿಯ ತಳಿಯ ಪ್ರಸ್ತಾಪವಿಲ್ಲ! ಕಂತ್ರಿಯೆಂದು ಹೀಗಳೆಯಲ್ಪಡುವ ಮಿಶ್ರತಳಿಯ ಮರಿ ಎಷ್ಟು ಎತ್ತರ ಬೆಳೆದೀತು, ಎಂಥ ಸ್ವಭಾವದ್ದಾದೀತು ಎಂದು ಮೊದಲೇ ಹೇಳಲಾಗದು ನಿಜ. ಅದಕ್ಕಾಗಿಯೇ ಯಜಮಾನ ಅದನ್ನು ದಿನದಿನವೂ ಗಮನಿಸಿ ತಿಳಿಯಬೇಕಾಗುತ್ತದೆ. ಜೀವಂಧರ ಕುಮಾರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿ, ಅದು ಸುದರ್ಶನ ಯಕ್ಷನಾದ ಕಥೆಯನ್ನು 1424ರಲ್ಲಿ ಭಾಸ್ಕರ ಕವಿ ಕನ್ನಡಕ್ಕೆ ತಂದನು. ಆ ಯಕ್ಷನ ವೈಭವವನ್ನು ಬಣ್ಣಿಸುವ ಪ್ರವಚನಕಾರರು, ನಾಯಿಯನ್ನು ಸಾವಿನಂಚಿಗೆ ತಂದದ್ದು ಮನುಷ್ಯರ ಹೊಡೆತವೆಂಬ ಭಾಗವನ್ನು ಬೇಗ ದಾಟಿಬಿಡುತ್ತಾರೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಛೇದವಲ್ಲವೇ ಎಂಬ ಶಂಕೆ ಪ್ರಾಮಾಣಿಕವಾದುದು. ಹಿಂಸೆಯ ಲಕ್ಷಣದಲ್ಲಿ ಸೂತ್ರಕಾರರು ಪ್ರಮತ್ತಯೋಗವನ್ನು ಮುಂದಿಟ್ಟಿದ್ದಾರೆ. ಅರಿವಳಿಕೆ ಕೊಟ್ಟು, ಗಾಯ ಮಾಗುವವರೆಗೆ ಆರೈಕೆ ಮಾಡಿ, ಹಸಿವಿನಿಂದ ಸಾಯಲಿರುವ ಮರಿಗಳ ಹುಟ್ಟನ್ನು ತಡೆಯುವ ಕ್ರಿಯೆಯಲ್ಲಿ ದ್ವೇಷವೂ ಇಲ್ಲ, ಪ್ರಮಾದವೂ ಇಲ್ಲ. ಚೆಲುವಿಗಾಗಿ ಜಾತಿನಾಯಿಯ ಬಾಲ ಕಿವಿಗಳನ್ನು ಕತ್ತರಿಸುವುದು ನಿಸ್ಸಂದೇಹವಾಗಿ ಛೇದ. ಶಸ್ತ್ರಚಿಕಿತ್ಸೆಗೆ ಒಪ್ಪದೆ, ಹುಟ್ಟಿದ ಆರು ಮರಿಗಳನ್ನು ರಾತ್ರೋರಾತ್ರಿ ಬಸದಿಯ ಗೋಡೆಯ ಬಳಿ ಬಿಟ್ಟು ಬರುವ ಭಕ್ತರ ಅಹಿಂಸೆಗೆ ಏನೆನ್ನಬೇಕು?

ಈಗ ಟ್ರಸ್ಟುಗಳ ಸರದಿ. 1832ರಲ್ಲಿ ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರಕಾರದ ಆಜ್ಞೆಯ ವಿರುದ್ಧ ಪಾರಸಿಗಳು ಮುಂದಾಗಿ ದಂಗೆ ಎದ್ದಿತು. ಎರಡು ವರ್ಷಗಳ ಬಳಿಕ ಪಾರಸಿ ವರ್ತಕ ಜಮ್‌ಶೇಟ್‌ಜಿ ಜೀಜೀಭಾಯಿ ಹಾಗೂ ಜೈನ ವರ್ತಕ ಮೋತಿಚಂದ ಅಮೀಚಂದರು ಕೂಡಿ ಪಾಂಜರಾಪೋಳವನ್ನು ಕಟ್ಟಿದರು. ವರ್ತಕರು ಹಣದಿಂದ, ನೆಲದಿಂದ, ಸಮಯದಿಂದ ಮಾಡಿದ ಕೆಲಸವದು. ಇಂದು ನಾಯಿಗಳ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದೆ. 2025ರ ಆಗಸ್ಟ್ 22ರ ಆದೇಶವು ಬೀದಿನಾಯಿಗಳಿಗೆ ಗೊತ್ತಾದ ಸ್ಥಳಗಳಲ್ಲಿ ಮಾತ್ರ ಆಹಾರ ಹಾಕಬೇಕೆಂದೂ, ದತ್ತು ಪಡೆದವರು ನಾಯಿಯನ್ನು ಮತ್ತೆ ಬೀದಿಗೆ ಬಿಡಕೂಡದೆಂದೂ ಹೇಳಿತು. ನಾಯಿಯನ್ನು ವಿವೇಚನೆಯಿಲ್ಲದೆ ಗಿಡ್ಡ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಆಗಮ ಹೇಳಿದ್ದನ್ನು ಕಾಯಿದೆಯಿಂದ ಕಲಿಯಬೇಕಾಗಿ ಬಂದದ್ದು ಸಮಾಜಕ್ಕೆ ಭೂಷಣವಲ್ಲ.

ಅಮೃತಶಿಲೆಯ ನೆಲಹಾಸಿಗೆ ಠರಾವು ಮಾಡುವ ಸಭೆಗಳು ಬಸದಿಯ ಹೊರಗೋಡೆಗೆ ತಾಗಿ ಒಂದು ಕೊಟ್ಟಿಗೆ, ಒಂದು ನೀರಿನ ತೊಟ್ಟಿ, ವರ್ಷಕ್ಕೊಮ್ಮೆ ಪಶುವೈದ್ಯರ ಶಿಬಿರ ಇವುಗಳಿಗೂ ಠರಾವು ಮಾಡಲಿ. ಮರಿಯನ್ನು ಗರ್ಭಗುಡಿಗೆ ಬಿಡಿರೆಂದು ಯಾರೂ ಕೇಳುತ್ತಿಲ್ಲ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಬಳಿಕ ವೈದ್ಯರು ಹೇಳಿದಂತೆ ಪ್ರತಿವರ್ಷ. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯದು, ಅದು ಕಚ್ಚಿದ ಮಗುವಿಗೂ ರೋಗ ತಲೆದೋರಿದರೆ ಮದ್ದಿಲ್ಲ. ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸಲಾಗುತ್ತಿದೆ. ಬಹುತೇಕ ವರ್ಷಗಳಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ಪತ್ರಗಳು ಮನೆಮನೆಗೆ ಹೋಗಿರುವ ಹೊತ್ತು ಅದು. ಮುಂದಿನ ವರ್ಷದ ಪತ್ರದ ಕೆಳಗೆ ಲಸಿಕಾ ಶಿಬಿರದ ತಾರೀಖನ್ನೂ ಅಚ್ಚು ಹಾಕಿಸಲು ಟ್ರಸ್ಟಿಗೆ ತಗಲುವುದು ಒಂದು ಸಾಲಿನ ಮಸಿ.