ಬೀಜದ ಪೊಟ್ಟಣ ಒಂದೇ ದಿನ ಖಾಲಿ ಮಾಡಬೇಡಿ

ಯುಗಾದಿ ಕಳೆಯಿತೆಂದರೆ ಹಿತ್ತಿಲಲ್ಲೂ ತಾರಸಿಯಲ್ಲೂ ತರಕಾರಿ ಬೀಜ ಊರುವ ಸಡಗರ. ಟೊಮೆಟೊ, ಬದನೆ, ಬೆಂಡೆ, ಹೀರೆ, ಹರಿವೆ ಎಲ್ಲವನ್ನೂ ಒಂದು ಭಾನುವಾರ ಬಿತ್ತಿ ಮುಗಿಸುವುದು ರೂಢಿ. ಈ ರೂಢಿಯನ್ನು ಬಿಡಲೇಬೇಕಾಗಿದೆ. ಬೆಂಗಳೂರಿನ ಮೂರು ಬೇಸಿಗೆಗಳನ್ನೇ ನೋಡಿ. 2023ರ ಮೇ ತಿಂಗಳಲ್ಲಿ ನಗರದ ಮಳೆ 300 ಮಿಲಿಮೀಟರ್ ದಾಟಿತು. 2024ರ ಏಪ್ರಿಲ್‌ನಲ್ಲಿ ನಗರದ ಹವಾಮಾನ ಕೇಂದ್ರದಲ್ಲಿ ಮಳೆಯೇ ದಾಖಲಾಗಲಿಲ್ಲ, ತಿಂಗಳ ಕೊನೆಗೆ ಉಷ್ಣಾಂಶ 38 ಡಿಗ್ರಿ ಮೀರಿತು. 2025ರ ಮೇಯಲ್ಲಿ ಮಳೆ ಮತ್ತೆ 300 ಮಿಲಿಮೀಟರ್ ದಾಟಿತು. ಇಂಥ ಕಾಲದಲ್ಲಿ ಯಾವ ದಿನವನ್ನು ಬಿತ್ತನೆಯ ದಿನವೆಂದು ಗುರುತಿಸುವುದು?

ಟೊಮೆಟೊ ಗಿಡವನ್ನು ಹತ್ತಿರದಿಂದ ನೋಡಿದರೆ ಪೆಟ್ಟು ಎಲ್ಲಿ ಬೀಳುತ್ತದೆಂದು ತಿಳಿಯುತ್ತದೆ. ಹಗಲಿನ ಬಿಸಿ 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಗಿಡ ಹಸಿರಾಗಿಯೇ ಇರುತ್ತದೆ. ಹೂವಿನ ತೊಟ್ಟಿನ ಗೆಣ್ಣು ಮಾತ್ರ ಹಳದಿಗೆ ತಿರುಗಿ, ಬೆರಳು ತಾಕಿದರೆ ಸಾಕು, ಹೂ ಕಳಚಿ ಬೀಳುತ್ತದೆ. ಗೊಬ್ಬರ ಸಾಲದೆಂದು ತಿಳಿದು ಇನ್ನಷ್ಟು ಹಾಕಿದರೆ ಎಲೆ ಹೆಚ್ಚುತ್ತದೆಯೇ ಹೊರತು ಕಾಯಿಯಲ್ಲ. ಬಿಸಿಲ ಬೆನ್ನಿಗೇ ಬರುವ ಜಡಿಮಳೆಗೆ ಎಳೆ ಸಸಿಗಳು ಬುಡ ಕೊಳೆತು ಮಲಗುತ್ತವೆ. ಆಲಿಕಲ್ಲು ಬಿದ್ದರಂತೂ ಐದು ನಿಮಿಷದಲ್ಲಿ ಎಲೆಯೆಲ್ಲ ಚಿಂದಿ. ಎಲ್ಲ ಗಿಡಗಳದ್ದೂ ಒಂದೇ ವಯಸ್ಸಾದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಅದೇ ಬೀಜವನ್ನು ಹದಿನೈದು ದಿನಕ್ಕೊಮ್ಮೆ ಮೂರು ಕಂತಿನಲ್ಲಿ ಹಾಕಿದರೆ, ಮೊದಲ ಕಂತು ಹೂ ಉದುರಿಸುವಾಗ ಕೊನೆಯದು ಇನ್ನೂ ಸಸಿಯಾಗಿರುತ್ತದೆ. ಅದು ಹೂ ಬಿಡುವ ಹೊತ್ತಿಗೆ ಮುಂಗಾರಿನ ತಂಪು ಬಂದಿರುತ್ತದೆ.

ಹಿರಿಯರು ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮಳೆ ನಕ್ಷತ್ರ ನೋಡಿಯೇ ಬಿತ್ತುತ್ತಿದ್ದರು, ಅವರಿಗಿಂತ ನಾವು ಬಲ್ಲವರೇ ಎಂದು ಕೇಳುವವರಿದ್ದಾರೆ. ಮಾತು ತೂಕದ್ದೇ. ಆದರೆ ಹಿರಿಯರು ನಕ್ಷತ್ರವೊಂದನ್ನೇ ನಂಬಿ ಕೂತವರಲ್ಲ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳನ್ನು ಅಕ್ಕಡಿ ಸಾಲಾಗಿ ಬಿತ್ತಿದವರು ಅವರೇ. ರಾಗಿಗೆ ಮಳೆ ಕೈಕೊಟ್ಟರೂ, ಕೊಯ್ಲಿನ ನಂತರ ಹೊಲದಲ್ಲೇ ಉಳಿಯುವ ಅವರೆ ಮಾಗಿಯ ಇಬ್ಬನಿಯಲ್ಲಿ ಕಾಯಿ ಕಟ್ಟುತ್ತಿತ್ತು. ಮಳೆ ತಪ್ಪಬಹುದೆಂಬ ಎಚ್ಚರವೇ ಅಕ್ಕಡಿಯ ಬುನಾದಿ. ಹೊಲದ ಆ ಎಚ್ಚರ ನಮ್ಮ ಕುಂಡಗಳಿಗೆ ಇಳಿಯಲಿಲ್ಲವಲ್ಲ ಎಂಬುದೇ ಬೇಸರ. ಬೇಸಿಗೆಯನ್ನು ತಾಳುವ ಬೆಂಡೆ, ಅಲಸಂದೆ, ಬಸಳೆಗೆ ಹೆಚ್ಚು ಜಾಗ ಕೊಟ್ಟು, ಟೊಮೆಟೊಗೆ ಕಡಿಮೆ ಕೊಡುವುದು ಜಾಣತನ. ಹರಿವೆ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಆಲಿಕಲ್ಲಿಗೆ ತುದಿ ಮುರಿದರೂ ಕೆಳಗಿನ ಗೆಣ್ಣಿನಿಂದ ಮತ್ತೆ ಚಿಗುರುತ್ತದೆ.

ಮೊಬೈಲಿನಲ್ಲಿ ಮುನ್ಸೂಚನೆ ಸಿಗುವಾಗ ಇಷ್ಟೆಲ್ಲ ಏಕೆ ಎನ್ನಬಹುದು. ಬೇಸಿಗೆಯ ಗುಡುಗು ಮಳೆ ಒಂದು ಬಡಾವಣೆಯನ್ನು ತೋಯಿಸಿ ಪಕ್ಕದ್ದನ್ನು ಒಣಗಿಸಿಡುತ್ತದೆ. ಎರಡು ವಾರ ಮೊದಲೇ ನಿಮ್ಮ ಬೀದಿಯ ಮಳೆ ಹೇಳಬಲ್ಲ ಮುನ್ಸೂಚನೆ ಇಲ್ಲ. ನೆರಳು ಪರದೆ ಕಟ್ಟಿದರೆ ಸಾಲದೇ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಪರದೆ ಮಧ್ಯಾಹ್ನದ ಬಿಸಿಲನ್ನೂ ಆಲಿಕಲ್ಲಿನ ಪೆಟ್ಟನ್ನೂ ತಗ್ಗಿಸುತ್ತದೆ, ರಾತ್ರಿಯ ಸೆಕೆಯನ್ನು ತಗ್ಗಿಸುವುದಿಲ್ಲ. ಪರದೆ ಕಟ್ಟಿ, ಬುಡಕ್ಕೆ ಒಣಸೊಪ್ಪಿನ ಮುಚ್ಚಿಗೆಯನ್ನೂ ಹಾಕಿ. ಕಂತಿನ ಬಿತ್ತನೆಗೆ ಅವು ಆಸರೆ, ಬದಲಿಯಲ್ಲ. ಇನ್ನು ಜಾಗ ಸಾಲದೆಂಬ ಮಾತು. ಆರು ಕುಂಡ ಇದ್ದವರಿಗೂ ಎರಡೆರಡರಂತೆ ಮೂರು ಸಲ ಬಿತ್ತಲು ಸಾಧ್ಯ. ಕೊಯ್ಲು ಕಂತಿನಲ್ಲಿ ಬರುವುದರಿಂದ ಒಮ್ಮೆಲೇ ಬಲಿತ ಬೆಂಡೆಯನ್ನು ಹಂಚಿ ಮುಗಿಸುವ ಪಾಡೂ ಇರದು. ಮೂರು ಸಲ ಮಣ್ಣು ಸಡಿಲಿಸುವ ಶ್ರಮ ಹೆಚ್ಚುತ್ತದೆ, ಅದು ನಿಜ. ಆದರೆ ಒಂದು ಮಳೆಗೆ ಎಲ್ಲ ಹೋದ ಮೇಲೆ ಮೊದಲಿನಿಂದ ಶುರುಮಾಡುವ ಶ್ರಮಕ್ಕೆ ಹೋಲಿಸಿದರೆ ಅದೇನೂ ದೊಡ್ಡದಲ್ಲ. ಈ ಸಲ ಪೊಟ್ಟಣದ ಮೂರನೇ ಒಂದು ಪಾಲು ಬೀಜವನ್ನು ಒಣ ಡಬ್ಬಿಯಲ್ಲಿ ಮುಚ್ಚಿಟ್ಟು, ಮೇ ಕೊನೆಗೆ ರೋಹಿಣಿ ಮಳೆ ಹುಟ್ಟುವ ತನಕ ಮುಟ್ಟದಿರಿ.