ಮಾಡಿದ ಪ್ರಾಜೆಕ್ಟು, ಮಾಡಿಸಿದ ಪ್ರಾಜೆಕ್ಟು

ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಮೈತ್ರಿವನಂ ಕಡೆಗೆ ನಡೆದರೆ ತಲೆಯ ಮೇಲೆಲ್ಲ ಬೋರ್ಡುಗಳು. ಜಾವಾ, ಪೈಥಾನ್, ಡೇಟಾ ಸೈನ್ಸ್, ಹಾಸ್ಟೆಲ್, ಜೆರಾಕ್ಸ್. ಇವುಗಳ ನಡುವೆ ‘ಫೈನಲ್ ಇಯರ್ ಪ್ರಾಜೆಕ್ಟ್ಸ್’ ಎಂಬ ಬೋರ್ಡೂ ಕಾಣುತ್ತದೆ. ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗರು ಪಟ್ಟಿ ನೋಡಿ ವಿಷಯ ಆರಿಸುತ್ತಾರೆ, ಹಣ ಕಟ್ಟುತ್ತಾರೆ, ಕೋಡು, ರಿಪೋರ್ಟು, ಪಿಪಿಟಿ ಮೂರನ್ನೂ ತೆಗೆದುಕೊಂಡು ಹೋಗುತ್ತಾರೆ. ಅಂಗಡಿಯವರನ್ನು ಬೈಯುವುದು ಸುಲಭ. ಆದರೆ ಪ್ರಾಜೆಕ್ಟ್ ಎಂದರೆ ದುಡ್ಡು ಕೊಟ್ಟು ತರಬಹುದಾದ ಸಾಮಾನು ಎಂದು ಇಪ್ಪತ್ತೊಂದರ ಹುಡುಗನಿಗೆ ಗೊತ್ತಾದದ್ದು ಎಲ್ಲಿ? ನನ್ನ ಪ್ರಕಾರ ಆರನೆಯ ತರಗತಿಯ ವಿಜ್ಞಾನದ ಪೀರಿಯಡ್ಡಿನಲ್ಲಿ.

ಅಪ್ಪ ಅಮ್ಮಂದಿರ ಮಾತನ್ನೇ ಕೇಳಿ ನೋಡಿ. ‘ನಾಳೆ ಮಗಳ ಸೈನ್ಸ್ ಪ್ರಾಜೆಕ್ಟ್ ಮಾಡಿಸಬೇಕು’ ಎನ್ನುತ್ತಾರೆ. ‘ಮಗಳು ಮಾಡಬೇಕು’ ಎನ್ನುವುದು ಕಡಿಮೆ. ಕನ್ನಡದ ‘ಇಸು’ ಪ್ರತ್ಯಯ ಇಲ್ಲಿ ಇಡೀ ಕಥೆ ಹೇಳಿಬಿಡುತ್ತದೆ. ಪಕ್ಕದ ಮನೆಯವರು ತೆಲುಗಿನಲ್ಲಿ ‘ಚೇಯಿಂಚಾಲಿ’ ಎಂದಾಗಲೂ ಅದೇ ಅರ್ಥ. ಥರ್ಮೋಕೋಲಿನ ಜ್ವಾಲಾಮುಖಿ, ಬಣ್ಣ ಬಳಿದ ಸೌರಮಂಡಲ, ಅಂತರ್ಜಾಲದಿಂದ ಇಳಿಸಿ ಸ್ಪೈರಲ್ ಬೈಂಡಿಂಗ್ ಹಾಕಿದ ಹತ್ತು ಪುಟ. ಇವುಗಳಲ್ಲಿ ಯಾವುದಕ್ಕೂ ಮಗುವಿನದೇ ಆದ ಪ್ರಶ್ನೆ ಬೇಕಿಲ್ಲ. ಉತ್ತರ ಮೊದಲೇ ಗೊತ್ತಿರುವ ಕೆಲಸವನ್ನು ಯಾರು ಮಾಡಿದರೇನು, ಯಾರಿಂದ ಮಾಡಿಸಿದರೇನು?

ಮಕ್ಕಳಿಂದ ನಿಜವಾದ ಸಂಶೋಧನೆ ಆಗದು ಎನ್ನುವವರಿಗೆ ನಮ್ಮಲ್ಲೇ ಉತ್ತರವಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ 1993ರಿಂದ ದೇಶದಾದ್ಯಂತ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದ ಮಕ್ಕಳದು. ಕರ್ನಾಟಕದಲ್ಲಿ ಅದನ್ನು ಸಂಘಟಿಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಮಕ್ಕಳು ಪುಟ್ಟ ತಂಡ ಕಟ್ಟಿಕೊಂಡು ತಮ್ಮೂರಿನದೇ ಒಂದು ಸಮಸ್ಯೆ ಹಿಡಿದು ಅಳೆಯಬೇಕು, ಎಣಿಸಬೇಕು, ಜನರನ್ನು ಕೇಳಬೇಕು, ತಮ್ಮ ಭಾಷೆಯಲ್ಲೇ ವರದಿ ಮಂಡಿಸಬೇಕು. ಅಲ್ಲಿ ಮಾದರಿಯ ಅಂದಚೆಂದಕ್ಕಿಂತ ಕೆಲಸದ ವಿಧಾನ ಮುಖ್ಯ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಸಮಾವೇಶವನ್ನೇ ಮಾದರಿಯಾಗಿ ತೋರಿಸಿ, ಇಂಥ ಚಟುವಟಿಕೆ ಬಹಳ ದೊಡ್ಡ ಪ್ರಮಾಣದಲ್ಲಿ ಬೆಳೆಯಬೇಕು, ಪರೀಕ್ಷೆಯ ಭಾಗವಾಗದಿದ್ದರೂ ಶಾಲೆಗಳು ಇದಕ್ಕೆ ಒತ್ತು ಕೊಡಬೇಕು ಎಂದಿತು. ಆಮೇಲೆ ಆದದ್ದೇನು? ಸಮಾವೇಶ ಬಹುಪಾಲು ಶಾಲೆಗಳಿಗೆ ಒಂದು ಸ್ಪರ್ಧೆಯಾಗಿಯೇ ಉಳಿಯಿತು. ಚುರುಕಾದ ಇಬ್ಬರು ಮಕ್ಕಳನ್ನು ಆರಿಸಿ ಕಳಿಸಿದರೆ ಮುಗಿಯಿತು. ಉಳಿದವರು ನೋಟ್ಸ್ ಬರೆದುಕೊಂಡರು.

ಎಲ್ಲ ಮಕ್ಕಳಿಗೂ, ಅದೂ ಸರ್ಕಾರಿ ಶಾಲೆಯಲ್ಲಿ, ಇದು ಸಾಧ್ಯವೇ? ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆ ಸಾಧ್ಯ ಎಂದು ತೋರಿಸಿತ್ತು. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುಮಾಡಿದ ವಿಜ್ಞಾನ ಬೋಧನಾ ಕಾರ್ಯಕ್ರಮವನ್ನು ಮುಂದೆ ಏಕಲವ್ಯ ಸಂಸ್ಥೆ ಬೆಳೆಸಿತು. ಆರರಿಂದ ಎಂಟನೆಯ ತರಗತಿಯ ಮಕ್ಕಳು ಗುಂಪಿನಲ್ಲಿ ಕೂತು ಅಗ್ಗದ ಸಾಮಾನಿನಿಂದ ಪ್ರಯೋಗ ಮಾಡುತ್ತಿದ್ದರು, ಹೊಲಕ್ಕೆ ಹೋಗುತ್ತಿದ್ದರು, ಕಂಡದ್ದನ್ನು ಬರೆಯುತ್ತಿದ್ದರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು. ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಮನಸ್ಸಿಗೆ ಬಂದ ಪ್ರಶ್ನೆಯನ್ನು ‘ಸವಾಲೀರಾಮ್’ ಎಂಬ ಕಾಲ್ಪನಿಕ ಗೆಳೆಯನಿಗೆ ಪತ್ರ ಬರೆದು ಕೇಳಬಹುದಿತ್ತು. ಸುಮಾರು ಸಾವಿರ ಶಾಲೆಗಳವರೆಗೆ ಬೆಳೆದ ಈ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದನ್ನು ಅಸಾಧ್ಯ ಎನ್ನಲು ನಾನು ತಯಾರಿಲ್ಲ.

ನಮ್ಮ ಬೀದಿಯಲ್ಲೇ ಇದು ಹೇಗೆ ನಡೆಯಬಹುದು ಎಂದು ಯೋಚಿಸೋಣ. ಹೈದರಾಬಾದಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಎರಡು ಬಗೆಯ ನೀರು. ಒಂದು ಬೋರಿನದು. ಇನ್ನೊಂದು ಮುನ್ಸಿಪಲ್ ನಲ್ಲಿಯದು, ಜನರ ಬಾಯಲ್ಲಿ ಅದು ‘ಮಂಜೀರಾ ನೀರು’. ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ‘ಯಾಕೆ?’ ಎಂದು ಒಬ್ಬಳು ಹುಡುಗಿ ಕೇಳುತ್ತಾಳೆ ಎಂದುಕೊಳ್ಳಿ. ಉತ್ತರ ಹೇಳಿಬಿಟ್ಟರೆ ಅದು ಪಾಠ. ‘ಎರಡೂ ನೀರಿಗೆ ಒಂದೇ ಅಳತೆಯ ಸೋಪು ಹಾಕಿ, ಹತ್ತು ಸಲ ಕುಲುಕಿ, ನೊರೆ ಎಷ್ಟು ಎತ್ತರ ಬರುತ್ತದೆ ಅಳೆದು ನೋಡು’ ಎಂದರೆ ಅದು ಸಂಶೋಧನೆಯ ಶುರು. ಬೇಕಾದದ್ದು ಎರಡು ಬಾಟಲಿ ಮತ್ತು ಒಂದು ಸ್ಕೇಲು.

ಈಗ ಅವಳು ಸೋಪಿನ ಬದಲು ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಹಾಕಿದಳು ಎನ್ನಿ. ಎರಡರಲ್ಲೂ ಚೆನ್ನಾಗಿಯೇ ನೊರೆ ಬರುತ್ತದೆ. ಅಂಕಕ್ಕಾಗಿ ಮಾಡುವ ಪ್ರಾಜೆಕ್ಟಿನಲ್ಲಿ ಇದು ‘ಫೇಲ್’. ಅಪ್ಪ ಯೂಟ್ಯೂಬ್ ನೋಡಿ ಸರಿಯಾದ ಅಂಕಿ ಬರೆಸುತ್ತಾನೆ. ಆದರೆ ವಿಜ್ಞಾನ ಇರುವುದು ಸರಿಯಾಗಿ ಇಲ್ಲಿಯೇ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಗಸಿಯಾಗುತ್ತವೆ, ಅದರಿಂದ ನೊರೆ ತಗ್ಗುತ್ತದೆ. ಡಿಟರ್ಜೆಂಟಿನ ಜೊತೆ ಹಾಗೆ ಗಸಿಯಾಗುವುದಿಲ್ಲ. ‘ಸೋಪಿಗೂ ಪುಡಿಗೂ ಏನು ವ್ಯತ್ಯಾಸ?’ ಎಂಬ ಎರಡನೆಯ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಇಂಥ ಎರಡನೆಯ ಪ್ರಶ್ನೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕೇರಳದಲ್ಲಿ ಶುರುವಾದ ಸೀಸನ್‌ವಾಚ್ ಯೋಜನೆಯಲ್ಲಿ ಶಾಲಾಮಕ್ಕಳು ಒಂದು ಮರವನ್ನು ಆರಿಸಿ ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ನೋಡಿ ದಾಖಲಿಸುತ್ತಾರೆ. ಕಕ್ಕೆ ಮರ ಯಾವಾಗ ಹೂ ಬಿಟ್ಟಿತು ಎಂಬ ಅವರ ಟಿಪ್ಪಣಿ ಋತುಮಾನ ಅಧ್ಯಯನ ಮಾಡುವವರಿಗೆ ಮಾಹಿತಿಯಾಗುತ್ತದೆ. ಇದಕ್ಕೆ ಲ್ಯಾಬು ಬೇಡ. ನಮ್ಮ ಸರ್ಕಾರಗಳಿಗೆ ಉಪಕರಣದ ಮೇಲೆ ಪ್ರೀತಿ ಹೆಚ್ಚು. ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಲ್ಯಾಬ್ ಬರಲಿ, ಸಂತೋಷ. ಆದರೆ ಟೈಮ್‌ಟೇಬಲ್ಲಿನಲ್ಲಿ ಪ್ರಶ್ನೆಗೆ ಒಂದು ಪೀರಿಯಡ್ಡೂ ಇಲ್ಲದಿದ್ದರೆ ತ್ರೀಡಿ ಪ್ರಿಂಟರ್ ಏನು ಮಾಡೀತು?

ಆಕ್ಷೇಪಗಳು ಸಣ್ಣವಲ್ಲ. ಐವತ್ತು ಮಕ್ಕಳ ತರಗತಿ, ಮುಗಿಯದ ಸಿಲಬಸ್, ಜನಗಣತಿಯಿಂದ ಚುನಾವಣೆವರೆಗೆ ಹೊರಗಿನ ಕೆಲಸಕ್ಕೆ ಓಡುವ ಮೇಷ್ಟ್ರು. ಖಾಸಗಿ ಶಾಲೆಗಳಲ್ಲಿ ಆರನೆಯ ತರಗತಿಯಿಂದಲೇ ‘ಐಐಟಿ ಫೌಂಡೇಶನ್’. ಇಷ್ಟರ ಮೇಲೆ ಪ್ರಾಜೆಕ್ಟಿಗೂ ಅಂಕ ಇಟ್ಟರೆ, ಕಂಪ್ಯೂಟರ್ ಇರುವ ಮನೆಯ ಮಗು ಗೆಲ್ಲುತ್ತದೆ, ಅಪ್ಪ ಸೈಟಿನಲ್ಲಿ ಗಾರೆ ಕೆಲಸ ಮಾಡುವ ಮಗು ಸೋಲುತ್ತದೆ. ಈ ಕೊನೆಯ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದ್ದರಿಂದಲೇ ಇದನ್ನು ಮನೆಗೆ ಕಳಿಸಲೇಬಾರದು, ಶಾಲೆಯೊಳಗೇ ನಡೆಯಬೇಕು ಎನ್ನುತ್ತಿದ್ದೇನೆ.

ನಾನು ಕೇಳುತ್ತಿರುವುದು ಇಷ್ಟೇ. ಆರರಿಂದ ಒಂಬತ್ತನೆಯ ತರಗತಿವರೆಗೆ ವಾರಕ್ಕೆ ವಿಜ್ಞಾನದ ಒಂದು ಪೀರಿಯಡ್ಡು ಮಕ್ಕಳ ಪ್ರಶ್ನೆಗೆ ಮೀಸಲಾಗಲಿ. ಇಬ್ಬರಿಗೊಂದು ಪ್ರಶ್ನೆ, ಅದಕ್ಕೆ ಮೂರು ತಿಂಗಳು. ಅಷ್ಟು ಪ್ರಶ್ನೆಗಳ ಉತ್ತರ ಮೇಷ್ಟ್ರಿಗೆ ಗೊತ್ತಿರಬೇಕಿಲ್ಲ. ಪ್ರಶ್ನೆಯನ್ನು ಅಳೆಯಬಹುದಾದಷ್ಟು ಚಿಕ್ಕದು ಮಾಡಿಕೊಡುವುದು ಅವರ ಕೆಲಸ. ಮಾಡೆಲ್ ಬೇಡ, ಬೈಂಡಿಂಗ್ ಬೇಡ, ಗೀಚಿ ಹೊಡೆದುಹಾಕಿದ ಸಾಲುಗಳೂ ಉಳಿದಿರುವ ಒಂದು ನೋಟ್‌ಬುಕ್ ಸಾಕು. ಅಂಕದ ಬದಲು ತರಗತಿಯ ಎದುರು ಐದು ನಿಮಿಷ ಮಾತು, ಸಹಪಾಠಿಗಳ ಸವಾಲು.

ಆ ನೋಟ್‌ಬುಕ್ ಮಗುವಿನ ಭಾಷೆಯಲ್ಲಿರಲಿ. ಅನುವಾದವೇ ನನ್ನ ಹೊಟ್ಟೆಪಾಡು, ಆದರೂ ಹೇಳುತ್ತೇನೆ: ಕಣ್ಣಿಗೆ ಕಂಡದ್ದನ್ನು ಮೊದಲ ಸಲ ಬರೆಯುವಾಗ ಅನುವಾದ ಅಡ್ಡ ಬರಬಾರದು. ರಾಯಚೂರಿನಿಂದಲೋ ಬೀದರಿನಿಂದಲೋ ಇಲ್ಲಿಗೆ ಬಂದ ಮನೆಯ ಮಗು ‘ನೀರು ಸವಳು ಐತಿ’ ಎಂದು ಬರೆದರೆ ಅದು ಒಂದು ಖಚಿತವಾದ ವೀಕ್ಷಣೆ. ಅದೇ ಮಗು ಇಂಗ್ಲಿಷಿನಲ್ಲಿ ಬರೆಯಲು ಹೊರಟರೆ ಪುಸ್ತಕದ ವಾಕ್ಯವನ್ನೇ ನಕಲು ಮಾಡೀತು.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಆಲಿಸುವುದು, ಪ್ರಶ್ನಿಸುವುದು ಎರಡೂ ಅರ್ಥ. ನಮ್ಮ ವಿಜ್ಞಾನದ ತರಗತಿಗಳು ಮೊದಲನೆಯದನ್ನು ಚೆನ್ನಾಗಿಯೇ ಕಲಿಸಿವೆ. ಎರಡನೆಯದಕ್ಕೆ ವಾರಕ್ಕೆ ನಲವತ್ತು ನಿಮಿಷ ಕೊಡಲಿ. ನಿಮ್ಮ ಮಕ್ಕಳ ಶಾಲೆಯಲ್ಲಿ ಮುಂದಿನ ಪೋಷಕರ ಸಭೆ ನಡೆದಾಗ ಅಂಕದ ಮಾತು ಮುಗಿದ ಮೇಲೆ ಇದನ್ನೊಂದು ಕೇಳಿ.