ಬೆಟ್ಟದ ಹಾದಿಗೂ ಗಡಿಯಾರ ಬೇಕು

ಭಾರವಾದ ಪೀಪಾಯಿಯನ್ನು ಲಾರಿಗೆ ಏರಿಸಬೇಕಾದ ಆಳು ಅದನ್ನು ನೇರವಾಗಿ ಎತ್ತುವ ಗೋಜಿಗೆ ಹೋಗುವುದಿಲ್ಲ. ಉದ್ದನೆಯ ಹಲಗೆಯೊಂದನ್ನು ಓರೆಯಾಗಿಟ್ಟು ಅದರ ಮೇಲೆ ಪೀಪಾಯಿಯನ್ನು ಉರುಳಿಸುತ್ತಾನೆ. ತಿಕ್ಕಾಟವನ್ನು ಬದಿಗಿಟ್ಟರೆ ಎರಡು ಬಗೆಯಲ್ಲಿಯೂ ಆಗುವ ಕಾರ್ಯ ಒಂದೇ. ಹಲಗೆಯ ದೆಸೆಯಿಂದ ಕಡಿಮೆ ಬಲ ಸಾಕಾಗುತ್ತದೆ, ಕ್ರಮಿಸಬೇಕಾದ ದೂರ ಹೆಚ್ಚಾಗುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲ ಈ ತತ್ತ್ವವೇ ಜಗತ್ತಿನ ಘಾಟಿ ರಸ್ತೆಗಳೆಲ್ಲದರ ಮೂಲಮಂತ್ರ.

ಇಂತಹ ಹಲಗೆಗಳಲ್ಲಿ ಸುಪ್ರಸಿದ್ಧವಾದುದೊಂದು ಇಟಲಿಯ ಉತ್ತರ ಭಾಗದಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ ಇದೆ. ಅಲ್ಲಿ 1935ರಲ್ಲಿ ಸ್ಟೆಲ್ವಿಯೊ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿದರು. ಉದ್ಯಾನದ ಮೂಲಕ ಏರುವ ರಸ್ತೆ ಅದಕ್ಕಿಂತ ಒಂದು ಶತಮಾನ ಹಳೆಯದು. ಲೊಂಬಾರ್ಡಿ ಪ್ರಾಂತವು ಆಸ್ಟ್ರಿಯದ ಆಳ್ವಿಕೆಯಲ್ಲಿದ್ದಾಗ, ಅದನ್ನು ಸಾಮ್ರಾಜ್ಯದ ಉಳಿದ ಭಾಗಕ್ಕೆ ಜೋಡಿಸುವ ಸಲುವಾಗಿ ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರು 1820ರಿಂದ 1825ರವರೆಗೆ ಶ್ರಮಿಸಿ ಇದನ್ನು ನಿರ್ಮಿಸಿದನು. ಪ್ರಾಟೊ ಎಂಬ ಊರಿನಿಂದ ಹೊರಟ ರಸ್ತೆ 48 ಹಿಮ್ಮುರಿ ತಿರುವುಗಳನ್ನು ಪಡೆದು, ಸುಮಾರು 25 ಕಿಲೋಮೀಟರು ದೂರದಲ್ಲಿ 1840 ಮೀಟರು ಮೇಲೇರಿ, 2757 ಮೀಟರು ಎತ್ತರದ ಕಣಿವೆಯ ನೆತ್ತಿಯನ್ನು ಮುಟ್ಟುತ್ತದೆ. ಇಟಲಿಯ ಪ್ರಖ್ಯಾತ ಸೈಕಲ್ ಪಂದ್ಯವಾದ ‘ಜೀರೊ’ ಮೊದಲ ಬಾರಿಗೆ ಈ ಹಾದಿಯನ್ನು ಏರಿದುದು 1953ರಲ್ಲಿ. ಆ ವರ್ಷ ಗೆದ್ದವನು ಫೌಸ್ಟೊ ಕೊಪ್ಪಿ.

ಈ ಏರಿಕೆಯನ್ನು ಲೆಕ್ಕಕ್ಕೆ ಅಳವಡಿಸಿ ನೋಡೋಣ. ಸವಾರ ಮತ್ತು ಸೈಕಲ್ಲಿನ ಒಟ್ಟು ರಾಶಿ 72 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಸುಮಾರು ಏಳೂವರೆ ಮೀಟರು ಏರುವ ಈ ರಸ್ತೆಯಲ್ಲಿ ಗುರುತ್ವವು ಅವನನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 53 ನ್ಯೂಟನ್. ಅಂದರೆ ಐದೂವರೆ ಕಿಲೋಗ್ರಾಂ ಅಕ್ಕಿಯ ಚೀಲದ ತೂಕದಷ್ಟು. ನೆತ್ತಿಯನ್ನು ಮುಟ್ಟುವ ಹೊತ್ತಿಗೆ ಅವನು ಮಾಡಿದ ಕಾರ್ಯ ಸುಮಾರು 13 ಲಕ್ಷ ಜೂಲ್. ಸೆಕೆಂಡಿಗೆ 150 ಜೂಲ್ ಒದಗಿಸಬಲ್ಲ ಆರೋಗ್ಯವಂತ ತರುಣನಿಗೆ ಇದಕ್ಕೆ ಎರಡೂವರೆ ಗಂಟೆಯಷ್ಟು ಕಾಲ ಬೇಕು. ಅದೇ ಹಾದಿಯನ್ನು 1500 ಕಿಲೋಗ್ರಾಂ ರಾಶಿಯ ಕಾರಿನಲ್ಲಿ ಒಬ್ಬನೇ ಕುಳಿತು ಏರಿದರೆ, ಕಾರನ್ನು ಮೇಲೆತ್ತುವ ಕಾರ್ಯವೊಂದೇ 2 ಕೋಟಿ 70 ಲಕ್ಷ ಜೂಲ್ ಆಗುತ್ತದೆ. ಎಂಜಿನ್ನಿನ ದಕ್ಷತೆ ನೂರಕ್ಕೆ 25 ಎಂದು ಹಿಡಿದರೆ, ಈ ಒಂದು ಕೆಲಸಕ್ಕೇ ಮೂರು ಲೀಟರಿಗೂ ಹೆಚ್ಚು ಪೆಟ್ರೋಲು ಉರಿಯಬೇಕು.

ಆದರೆ ನಾನು ಇಲ್ಲಿ ಮುಖ್ಯವಾಗಿ ಹೇಳಬಯಸುವುದು ಪೆಟ್ರೋಲಿನ ವಿಷಯವನ್ನಲ್ಲ, ನಿಶ್ಶಬ್ದದ ವಿಷಯವನ್ನು. “ಬೆಟ್ಟಗಾಡಿನಲ್ಲಿ ಸೈಕಲ್ ತುಳಿಯಲು ಗದ್ದಲವಿಲ್ಲದ ರಸ್ತೆ ಯಾವುದು ಸಾರ್?” ಎಂದು ವಿದ್ಯಾರ್ಥಿಗಳು ನನ್ನನ್ನು ಆಗಾಗ ಕೇಳುತ್ತಾರೆ, ನಕ್ಷೆಯನ್ನು ಹರಡಿಕೊಂಡು ಅದನ್ನು ಹುಡುಕುತ್ತಾರೆ. ಒಮ್ಮೆ ಮಲೆನಾಡಿನ ಘಾಟಿಯೊಂದರಲ್ಲಿ ನಾವು ಕೆಲವರು ಭಾನುವಾರದ ನಡುಹಗಲು ಸೈಕಲ್ ತುಳಿಯುತ್ತಿದ್ದೆವು. ತಿರುವಿನಲ್ಲಿ ಹಿಂದಿನಿಂದ ಬಂದ ವಾಹನವೊಂದು ಕರ್ಕಶವಾಗಿ ಹಾರನ್ ಮೊಳಗಿಸಿತು. ಬೆಚ್ಚಿಬಿದ್ದ ಹುಡುಗನೊಬ್ಬ ಚರಂಡಿಗೆ ಜಾರಿ ಮೊಣಕಾಲನ್ನು ತರಚಿಕೊಂಡನು. ಅಂದು ಆ ಘಾಟಿಯಲ್ಲಿ ಎಂಜಿನ್ನುಗಳ ಸದ್ದನ್ನಲ್ಲದೆ ನಾವು ಬೇರೇನನ್ನೂ ಕೇಳಲಿಲ್ಲ. ಮರುದಿನ ಬೆಳಗಿನ ಜಾವ ಅದೇ ಹಾದಿಯಲ್ಲಿ ಹಿಂದಿರುಗಿದೆವು. ಹಳ್ಳದ ಬದಿಯಿಂದ ಸಿಳ್ಳಾರ ಹಕ್ಕಿಯ ಸಿಳ್ಳು ತೇಲಿಬಂದಾಗ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಆ ಹುಡುಗನೇ ಮೊದಲು ಸೈಕಲ್ ನಿಲ್ಲಿಸಿ ಕಿವಿಗೊಟ್ಟನು. ರಸ್ತೆ ಅದೇ, ತಿರುವುಗಳು ಅವೇ. ಬದಲಾಗಿದ್ದುದು ಗಡಿಯಾರದ ಮುಳ್ಳು. ನಿಶ್ಶಬ್ದವಾದ ಹಾದಿಯನ್ನು ನಕ್ಷೆಗಿಂತ ಹೆಚ್ಚಾಗಿ ಗಡಿಯಾರದಲ್ಲಿ ಹುಡುಕಬೇಕೆಂಬುದು ನನಗೆ ಅಂದು ಮನವರಿಕೆಯಾಯಿತು.

ಸದ್ದು ಕೇವಲ ಸವಾರನ ಸುಖದ ಪ್ರಶ್ನೆಯೆಂದು ಭಾವಿಸಬಾರದು. ಹಕ್ಕಿಯ ಕೂಗಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತ ಹೋಗುತ್ತದೆ. ಸುತ್ತಲಿನ ಗದ್ದಲದ ಮಟ್ಟಕ್ಕೆ ಇಳಿದ ಮೇಲೆ ಅದನ್ನು ಗುರುತಿಸುವುದು ಕಷ್ಟ. ಗದ್ದಲವು ಮೂರು ಡೆಸಿಬೆಲ್ ಹೆಚ್ಚಿತೆನ್ನಿ. ಅದರ ತೀವ್ರತೆ ಇಮ್ಮಡಿಯಾಯಿತು. ಕೂಗು ಕೇಳಿಸುವ ಪ್ರದೇಶದ ವಿಸ್ತೀರ್ಣ ಅರ್ಧಕ್ಕೆ ಇಳಿಯಿತು. ಹತ್ತು ಡೆಸಿಬೆಲ್ ಹೆಚ್ಚಿದರೆ ಆ ವಿಸ್ತೀರ್ಣ ಹತ್ತನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಮರಿಯನ್ನು ಕರೆಯುವ ತಾಯಿಗೂ, ಶತ್ರುವಿನ ಹೆಜ್ಜೆಯ ಸಪ್ಪಳಕ್ಕೆ ಕಿವಿ ನಿಮಿರಿಸಿದ ಜಿಂಕೆಗೂ ಕಾಡು ಅಷ್ಟರಮಟ್ಟಿಗೆ ಕಿರಿದಾಯಿತೆಂದೇ ಅರ್ಥ. ಒಂದು ಮರವನ್ನೂ ಕಡಿಯದೆ ಕಾಡನ್ನು ಕುಗ್ಗಿಸುವ ಬಗೆ ಇದು.

ಇದನ್ನು ಪ್ರಯೋಗದಿಂದಲೇ ಪರೀಕ್ಷಿಸಿದವರುಂಟು. ರಸ್ತೆಯ ಬಳಿ ಹಕ್ಕಿಗಳು ಕಡಿಮೆಯಾಗಿರುವುದಕ್ಕೆ ಸದ್ದೇ ಕಾರಣವೆಂದು ಹೇಗೆ ಹೇಳುವುದು? ಹೊಗೆಯೋ, ಬೆಳಕೋ, ವಾಹನದ ಚಲನೆಯೋ ಕಾರಣವಾಗಿರಬಹುದಲ್ಲವೆ? ಈ ಸಂಶಯವನ್ನು ಪರಿಹರಿಸಲು ಅಮೆರಿಕದ ಐಡಹೊದಲ್ಲಿ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು ರಸ್ತೆಯೇ ಇಲ್ಲದ ಬೆಟ್ಟದ ಏಣಿನಲ್ಲಿ ಅರ್ಧ ಕಿಲೋಮೀಟರು ಉದ್ದಕ್ಕೆ ಧ್ವನಿವರ್ಧಕಗಳನ್ನು ನಿಲ್ಲಿಸಿ, ವಾಹನ ಸಂಚಾರದ ಸದ್ದನ್ನು ನಾಲ್ಕು ದಿನ ನುಡಿಸಿ ನಾಲ್ಕು ದಿನ ನಿಲ್ಲಿಸುತ್ತ ಬಂದರು. ವಲಸೆಯ ದಾರಿಯಲ್ಲಿ ಅಲ್ಲಿ ತಂಗುತ್ತಿದ್ದ ಹಕ್ಕಿಗಳನ್ನು ಎಣಿಸಿದಾಗ, ಸದ್ದಿದ್ದ ದಿನಗಳಲ್ಲಿ ಅವುಗಳ ಸಂಖ್ಯೆ ಕಾಲುಭಾಗಕ್ಕಿಂತಲೂ ಹೆಚ್ಚು ಇಳಿದಿತ್ತು. ಕೆಲವು ಜಾತಿಯ ಹಕ್ಕಿಗಳಂತೂ ಆ ಕಡೆಗೆ ಸುಳಿಯಲೇ ಇಲ್ಲವೆನ್ನಬಹುದು. 2013ರಲ್ಲಿ ಪ್ರಕಟವಾದ ಈ ಫಲಿತಾಂಶವು ನಮ್ಮ ಉದ್ಯಾನಗಳ ಆಡಳಿತಗಾರರೆಲ್ಲರೂ ಗಮನಿಸಬೇಕಾದುದು.

ಹಾಗಾದರೆ ಬೆಟ್ಟದ ರಸ್ತೆಗಳನ್ನೆಲ್ಲ ಮುಚ್ಚಿಬಿಡಬೇಕೆ? ಬೇಕಿಲ್ಲ. ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ಉದ್ಯಾನಕ್ಕೆ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಜನ ಬರುತ್ತಾರೆ. ಅಲ್ಲಿಯ ಕೇಡ್ಸ್ ಕೋವ್ ಎಂಬ ಬಯಲನ್ನು ಸುತ್ತುವ ಹನ್ನೊಂದು ಮೈಲಿಯ ರಸ್ತೆಯನ್ನು 2020ರಿಂದ ಬೇಸಗೆಯ ತಿಂಗಳುಗಳ ಬುಧವಾರಗಳಂದು ಮೋಟಾರುಗಳಿಗೆ ಮುಚ್ಚಿ, ಸೈಕಲ್ ಸವಾರರಿಗೂ ಕಾಲ್ನಡಿಗೆಯವರಿಗೂ ಬಿಟ್ಟುಕೊಡುತ್ತಿದ್ದಾರೆ. ಗ್ಲೇಷಿಯರ್ ಉದ್ಯಾನದಲ್ಲಿ 2025 ಮೀಟರು ಎತ್ತರದ ಲೋಗನ್ ಕಣಿವೆಯನ್ನು ದಾಟುವ ರಸ್ತೆಯೊಂದಿದೆ. ವಸಂತದಲ್ಲಿ ಹಿಮವನ್ನು ತೆಗೆಯುವ ವಾರಗಳಲ್ಲಿ ಅದರ ಮೇಲ್ಭಾಗ ಕಾರುಗಳಿಗೆ ಮುಚ್ಚಿದ್ದು, ತೆರವಾದಷ್ಟು ದೂರ ಸೈಕಲ್ ಸವಾರರಿಗೆ ದೊರೆಯುತ್ತದೆ. ಬೇಸಗೆ ಬಂದಾಗ ಲೆಕ್ಕ ತಿರುಗುತ್ತದೆ: ಅದೇ ರಸ್ತೆಯ ಇಕ್ಕಟ್ಟಾದ ಭಾಗಗಳಲ್ಲಿ ಹಗಲು 11ರಿಂದ 4ರವರೆಗೆ ಸೈಕಲ್ಲುಗಳಿಗೇ ಪ್ರವೇಶವಿಲ್ಲ. ಇದನ್ನು ನಾನು ಅನ್ಯಾಯವೆನ್ನುವುದಿಲ್ಲ. ಇಬ್ಬರಿಗೂ ಬೇಕಾದ ಒಂದೇ ಬಾವಿಯಲ್ಲಿ ಸರದಿಯ ಮೇಲೆ ನೀರು ಸೇದುವ ವಿವೇಕ ಇದರಲ್ಲಿದೆ. ಸ್ಟೆಲ್ವಿಯೊ ರಸ್ತೆಯಲ್ಲಿಯೂ ವರ್ಷಕ್ಕೊಂದು ದಿನ, ಬೇಸಗೆಯ ಕೊನೆಗೆ, ಮೋಟಾರುಗಳನ್ನು ತಡೆದು ಸೈಕಲ್ಲುಗಳಿಗೆ ಹಾದಿ ಬಿಡುತ್ತಾರೆ.

ಗಡಿಯಾರಕ್ಕೆ ವಿಧೇಯವಾದ ರಸ್ತೆ ಕನ್ನಡನಾಡಿಗೂ ಹೊಸದಲ್ಲ. ಬಂಡೀಪುರದ ಮೂಲಕ ಹಾಯುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ರೋಗಿಗಳನ್ನು ಸಾಗಿಸುವ ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿ ಉಂಟು. ಅಲ್ಲಿಯೇ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಭಕ್ತರು ತಮ್ಮ ವಾಹನಗಳನ್ನು ಬುಡದಲ್ಲಿ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರುತ್ತಾರೆ. ದೇವರ ದರ್ಶನಕ್ಕೆ ಇದರಿಂದ ಯಾವ ಕೊರತೆಯೂ ಆಗಿಲ್ಲ.

ಆನೆ, ಹುಲಿಗಳು ತಿರುಗಾಡುವ ಬಂಡೀಪುರದಂತಹ ಕಾಡಿನಲ್ಲಿ ಸೈಕಲ್ ತುಳಿಯಿರೆಂದು ನಾನು ಯಾರಿಗೂ ಸಲಹೆ ಕೊಡಲಾರೆ. ಅಲ್ಲಿಯ ನಿಶ್ಶಬ್ದ ಪ್ರಾಣಿಗಳ ಪಾಲಿನದು. ಆದರೆ ಅಂತಹ ಅಪಾಯವಿಲ್ಲದ ಬೆಟ್ಟದ ರಸ್ತೆಗಳು ನಮ್ಮಲ್ಲಿ ಉಂಟು. ಉದ್ಯಾನವೆನಿಸದಿದ್ದರೂ ನಂದಿಬೆಟ್ಟ ಅಂತಹುದೊಂದು. ಇಂತಹ ಕಡೆಗಳಲ್ಲಿ ವಾರಕ್ಕೆ ಒಂದು ಮುಂಜಾನೆ, ನಾಲ್ಕು ಗಂಟೆಗಳ ಕಾಲ, ಖಾಸಗಿ ಮೋಟಾರುಗಳನ್ನು ಬುಡದಲ್ಲಿಯೇ ತಡೆಯಬೇಕೆಂಬುದು ನನ್ನ ಸಲಹೆ. ಬೆಟ್ಟದ ಮೇಲೆ ಮನೆಯುಳ್ಳವರಿಗೂ, ರೋಗಿಗಳಿಗೂ, ಸೈಕಲ್ ತುಳಿಯಲಾರದ ವೃದ್ಧರನ್ನು ಕರೆದೊಯ್ಯುವ ಬಸ್ಸಿಗೂ ಅಡ್ಡಿಯಿರಕೂಡದು. ಹೊಸ ರಸ್ತೆ ಬೇಡ, ಕಲ್ಲು ಸಿಡಿಸುವುದು ಬೇಡ. ಒಂದು ಗೇಟು, ಒಂದು ಫಲಕ, ಅದನ್ನು ಪಾಲಿಸುವ ಮನಸ್ಸು ಇಷ್ಟು ಸಾಕು.

ಸವಾರರಿಗೂ ಒಂದು ಮಾತು. ಸದ್ದಿಲ್ಲದೆ ವೇಗವಾಗಿ ಇಳಿಯುವ ಸೈಕಲ್ಲು ತಿರುವಿನಾಚೆಯ ಪ್ರಾಣಿಯನ್ನೂ ಪಾದಚಾರಿಯನ್ನೂ ಗಾಬರಿಗೊಳಿಸಬಲ್ಲುದು. ಹತ್ತುವಾಗ ಗಳಿಸಿದ ಸ್ಥಾನಶಕ್ತಿಯೆಲ್ಲವೂ ಇಳಿಯುವಾಗ ಬ್ರೇಕುಗಳಲ್ಲಿಯೂ ಗಾಳಿಯಲ್ಲಿಯೂ ಶಾಖವಾಗಿ ಕರಗಬೇಕು. ಸರಿಯಾದ ಬ್ರೇಕಿಲ್ಲದವನಿಗೆ ಘಾಟಿ ತಕ್ಕ ಸ್ಥಳವಲ್ಲ. ಹಾಡುಪೆಟ್ಟಿಗೆಯನ್ನು ಹೆಗಲಿಗೆ ತಗುಲಿಸಿಕೊಂಡು ಬರುವವನು ಮೋಟಾರಿನವನನ್ನು ದೂರುವ ಹಕ್ಕನ್ನು ಕಳೆದುಕೊಳ್ಳುತ್ತಾನೆ.

ಮುಂದಿನ ಬಾರಿ ಬೆಟ್ಟಕ್ಕೆ ಹೋದಾಗ, ತರುಣ ಮಿತ್ರರೇ, ಒಂದು ಸಣ್ಣ ಪ್ರಯೋಗ ಮಾಡಿ. ನಡುಹಗಲು ಐದು ನಿಮಿಷ, ಮುಂಜಾನೆ ಐದು ನಿಮಿಷ, ಒಂದೇ ತಿರುವಿನಲ್ಲಿ ನಿಂತು ಕಿವಿಗೆ ಬಿದ್ದ ಕೂಗುಗಳನ್ನು ಎಣಿಸಿ ಬರೆದಿಡಿ. ಉಪಕರಣ ಬೇಕಿಲ್ಲ, ಪೆನ್ಸಿಲು, ಕಾಗದ ಸಾಕು. ಆ ಎರಡು ಸಂಖ್ಯೆಗಳ ನಡುವಣ ಅಂತರವನ್ನು ಗೇಟಿನ ಬೀಗದ ಕೈ ಯಾರ ಬಳಿ ಇದೆಯೋ ಅವರ ಮುಂದೆ ಇಡಿ.